ಕೆಟ್ಟಿದ್ದು ಬೇರೆ, ಕೆಡಿಸಿದ್ದು ಬೇರೆ

ಕಾರು ರಿಪೇರಿ ಅಂದ್ರೆ ಗಂಡಸರ ಮಾತು ಅಂತ ನಾವು ಹೆಂಗಸ್ರು ಒಳಗೇ ಇದ್ದುಬಿಡ್ತೀವಿ. ಬಿಲ್ಲು ಬಂದಾಗ ಮಾತ್ರ ಅದು ಮನೆ ಮಾತಾಗ್ತೈತೆ. ಕಡ್ಲೆಕಾಯಿ ಮಾರಿದ್ದು, ಡೈರಿಗೆ ಹಾಲು ಹಾಕಿದ್ದು, ಸಂಘದ ಕಂತಿಗೆ ಅಂತ ಡಬ್ಬಿಯಾಗೆ ಇಟ್ಟಿದ್ದು, ಎಲ್ಲಾ ಕೂಡಿಸಿ ಎಣಿಸಿ ಕೊಡೋರು ಕೊನೆಗೆ ನಾವೇ. ಹಂಗಾಗಿ ಈ ಸಲ ಅಡಿಗೆ, ಸಂಡಿಗೆ, ಉಪ್ಪಿನಕಾಯಿ ಬಿಟ್ಟು ಎಂಜಿನ್ ಬಗ್ಗೆ ಬರೀತಾ ಇದೀನಿ. ನಗಬೇಡ್ರಿ. ಕುಕ್ಕರ್ ಇಟ್ಟು ಗೊತ್ತಿರೋರಿಗೆ ಇದರಾಗೆ ಅರ್ಧ ಆಗ್ಲೇ ಗೊತ್ತಿರ್ತೈತೆ.

ನಾನು ಹೇಳೋಕೆ ಹೊರಟಿರೋದು ಒಂದೇ ಮಾತು. ತಾನಾಗೇ ಸವೆದು ಕೆಟ್ಟಿದ್ದನ್ನ ರಿಪೇರಿ ಮಾಡೋದು ಒಂದು ಕೆಲ್ಸ. ರಿಪೇರಿ ಮಾಡೋಕೆ ಬಂದೋನು ಕೆಡಿಸಿ ಹೋಗಿದ್ದನ್ನ ರಿಪೇರಿ ಮಾಡೋದು ಬೇರೆ ಕೆಲ್ಸ, ಮೊದಲನೇದಕ್ಕಿಂತ ಹತ್ತು ಪಾಲು ಕಷ್ಟ. ಸೀರೆ ಹರಿದ್ರೆ ತೇಪೆ ಹಾಕ್ಬೋದು. ತಪ್ಪು ಅಳತೆಗೆ ಕತ್ತರಿಸಿಟ್ಟ ರವಿಕೆ ಕಣನ ಯಾವ ಟೈಲರ್ ಹತ್ರ ತಗಂಡು ಹೋಗ್ತೀರಿ? ಎರಡನೇಯೋನು ಮೊದಲು ಮೊದಲ್ನೋನ ಹೊಲಿಗೆ ಬಿಚ್ಚಬೇಕು, ಅವನು ಎಲ್ಲಿ ಏನು ಮಾಡಿದಾನೆ ಅಂತ ಊಹೆ ಮಾಡ್ಬೇಕು, ಆಮೇಲೆ ತನ್ನ ಕೆಲ್ಸ ಶುರು ಮಾಡ್ಬೇಕು. ಎಂಜಿನ್ನಿಗೂ ಹಂಗೇ. ಅದಕ್ಕೇ ರಿಪೇರಿಗೆ ಬಿಡೋ ಹೊತ್ತಿನಾಗೇ ಮನೆಯೋರು ನಾಕು ಮಾತು ಕೇಳ್ಬೇಕು ಅಂತ ನನ್ನ ಅಭಿಪ್ರಾಯ.

ನಮ್ಮ ಮನೇದೇ ಹೇಳ್ತೀನಿ. 2022ರ ಸೆಪ್ಟೆಂಬರ್ ನಿಮಗೆಲ್ಲಾ ನೆನಪೈತಲ್ಲ. ಮಾರಿಕಣಿವೆ ಕೋಡಿ ಬಿತ್ತು. 1933ರಾಗೆ ಬಿದ್ದಿದ್ದು ಬಿಟ್ರೆ ಆಗಲೇ, 89 ವರ್ಷದ ಮೇಲೆ. ಜಿಲ್ಲೆಗೆ ಜಿಲ್ಲೆನೇ ಗಾಡಿ ಕಟ್ಟಿಕೊಂಡು ನೋಡೋಕೆ ಹೋಯ್ತು. ನಾವೂ ಹೊರಟ್ವಿ, ಅತ್ತೆ, ಮಗಳು, ಮೂರು ವರ್ಷದ ಮೊಮ್ಮಗು ಸಮೇತ. ಅದಕ್ಕೆ ಒಂದು ವಾರ ಮುಂಚೆ ಕಾರಿನ ಕೆಳಗೆ ಅಂಗಳದಾಗೆ ನೀರು ತೊಟ್ಟಿಕ್ತಾ ಇತ್ತು ಅಂತ ಒಂದು ಶೆಡ್ಡಿಗೆ ಬಿಟ್ಟಿದ್ವಿ. ಯಾವ ಊರು, ಯಾರ ಶೆಡ್ಡು ಅಂತ ಬರಿಯಲ್ಲ. ಅವನು 2,800 ರೂಪಾಯಿ ತಗಂಡು "ಇನ್ನು ಎರಡು ವರ್ಷ ನೋಡಂಗಿಲ್ಲಮ್ಮ" ಅಂದ. ಬಿಚ್ಚಿದ ಸಾಮಾನು ಎಲ್ಲಪ್ಪ ಅಂತ ಕೇಳಿದ್ದಕ್ಕೆ "ಅದು ಗುಜರಿ, ಎಸೆದೆ" ಅಂದ.

ಕೋಡಿ ನೋಡಿ ಹಿರಿಯೂರಿಗೆ ವಾಪಸ್ ಬರೋ ದಾರಿಯಾಗೆ ಬಿಸಿ ತೋರಿಸೋ ಮುಳ್ಳು ಸರ್ರಂತ ಮೇಲಕ್ಕೆ ಹೋಯ್ತು, ಆಮೇಲೆ ತಾನೇ ಕೆಳಗೆ ಇಳೀತು. ಸರಿ ಹೋಯ್ತು ಅನ್ನೋವಷ್ಟರಾಗೆ ಮುಂದುಗಡೆಯಿಂದ ಬಿಳೀ ಹಬೆ ಎದ್ದು ಗಾಡಿ ನಿಂತೇ ಹೋಯ್ತು. ಮುಳ್ಳು ಇಳಿದಿದ್ದು ಯಾಕೆ ಅಂತ ಆಮೇಲೆ ತಿಳೀತು. ಬಿಸಿ ಅಳೆಯೋ ಸೆನ್ಸರ್ ನೀರಿನಾಗೆ ಮುಳುಗಿದ್ರೆ ಮಾತ್ರ ಸರಿಯಾಗಿ ಹೇಳ್ತೈತೆ. ನೀರೇ ಇಲ್ಲದಿದ್ರೆ ಅದಕ್ಕೆ ಏನು ಗೊತ್ತಾಗ್ಬೇಕು? ಈ ಒಂದು ಮಾತು ಮರೀಬೇಡ್ರಿ: ಮುಳ್ಳು ಏರಿ ಇದ್ದಕ್ಕಿದ್ದಂಗೆ ಇಳಿದ್ರೆ ಅದು ಒಳ್ಳೇ ಸುದ್ದಿ ಅಲ್ಲ. ಆ ಬಿಸಿಲಿನಾಗೆ ಅತ್ತೆನ ಹುಣಸೆ ಮರದ ಕೆಳಗೆ ಕೂರಿಸಿ, ಮಗುಗೆ ಸೆರಗು ಹೊದಿಸ್ಕೊಂಡು, ಕೂತಿದ್ದು ಎರಡು ಗಂಟೆ.

ಈಗ ಒಳಗೆ ಏನಾಗಿತ್ತು ಅಂತ ಹೇಳ್ತೀನಿ. ಹಿರಿಯೂರಿನಾಗೆ ಎರಡನೇ ಮೆಕ್ಯಾನಿಕ್ಕು ಒಂದೊಂದೇ ಬಿಚ್ಚಿ ನನ್ನ ಮುಂದೆ ಹಳೇ ಪೇಪರ್ ಮೇಲೆ ಸಾಲಾಗಿ ಜೋಡಿಸಿದ.

ಎಂಜಿನ್ ಸುತ್ತ ಓಡಾಡೋ ನೀರನ್ನ ತಡೆದು ಬಿಡೋಕೆ ಒಂದು ಸಣ್ಣ ಬಾಗಿಲು ಇರ್ತೈತೆ, ಥರ್ಮೋಸ್ಟಾಟ್ ಅಂತ. ಎಂಜಿನ್ ತಣ್ಣಗಿದ್ದಾಗ ಮುಚ್ಚಿರ್ತೈತೆ, ಕಾದ ಮೇಲೆ ತೆರೀತೈತೆ. ಮೊದಲ್ನೋನು ಅದನ್ನ ಕಿತ್ತೇ ಎಸೆದಿದ್ದ. "ನಮ್ಮ ದುರ್ಗದ ಬಿಸಿಲಿಗೆ ಇದು ಬೇಡ" ಅಂತ ಬಹಳ ಜನ ಹಿಂಗೇ ಮಾಡ್ತಾರಂತೆ. ಇದು ದೊಡ್ಡ ತಪ್ಪು ತಿಳುವಳಿಕೆ. ಅದಿಲ್ಲದಿದ್ರೆ ಎಂಜಿನ್ನು ಕಾಯೋಕೇ ತಡ ಆಗಿ ಡೀಸೆಲ್ ಜಾಸ್ತಿ ಕುಡೀತೈತೆ, ಒಳಗೆ ಬೇಗ ಸವೀತೈತೆ. ಕೆಲವು ಎಂಜಿನ್ನಿನಾಗೆ ನೀರು ರೇಡಿಯೇಟರಿಗೇ ಹೋಗದೆ ಅಡ್ಡದಾರಿ ಹಿಡಿದು ಬಿಸಿ ಇನ್ನೂ ಜಾಸ್ತಿ ಆಗ್ತೈತೆ.

ಎರಡನೇದು, ಹಳೇ ಗ್ಯಾಸ್ಕೆಟ್ ಜಾಗಕ್ಕೆ ಹೊಸದು ಹಾಕೋ ಬದಲು ಸಿಲಿಕಾನ್ ಪೇಸ್ಟನ್ನ ರೊಟ್ಟಿಗೆ ಬೆಣ್ಣೆ ಹಚ್ಚಿದಂಗೆ ಮೆತ್ತಿದ್ದ. ಹೊರಗೆ ಉಬ್ಬಿದ್ದು ನಮಗೆ ಕಾಣ್ತೈತೆ. ಅಷ್ಟೇ ಒಳಕ್ಕೂ ಉಬ್ಬಿರ್ತೈತಲ್ಲ, ಅದು ತುಂಡಾಗಿ ನೀರಿನ ಜೊತೆ ಹೋಗಿ ರೇಡಿಯೇಟರಿನ ಸಣ್ಣ ಕೊಳವೆಗೆ ಸಿಕ್ಕಿಕೊಂಡಿತ್ತು. ಮೂರನೇದು, ಪೈಪಿನ ಕ್ಲಿಪ್ಪು ಹಳೇದೇ, ತುಕ್ಕು ಹಿಡಿದಿದ್ದು. ಅದು ಜಾರಿ ನೀರೆಲ್ಲಾ ರಸ್ತೆಪಾಲಾಯ್ತು. ನಾಕನೇದು, ಕೂಲೆಂಟ್ ಬದಲು ಬೋರ್‌ವೆಲ್ ನೀರು. ನಮ್ಮ ಕಡೆ ಬೋರಿನ ನೀರು ಹೆಂಗೆ ಅಂತ ನಿಮಗೆ ಹೇಳ್ಬೇಕಾ? ಸ್ನಾನದ ಹಂಡೆ ಒಳಗೆ ಬಿಳೀ ಪಟ್ಟೆ ಕಟ್ಟಿರೋದು ದಿನಾ ನೋಡ್ತೀವಿ. ಅದೇ ಪಟ್ಟೆ ಎಂಜಿನ್ ಒಳಗೂ ಕಟ್ತೈತೆ.

ಕೂಲೆಂಟ್ ಅಂದ್ರೆ ಚಳಿ ದೇಶದೋರಿಗೆ, ನೀರು ಹೆಪ್ಪುಗಟ್ಟಬಾರದು ಅಂತ ಹಾಕೋದು, ನಮಗ್ಯಾಕೆ ಅನ್ನೋರು ಇದಾರೆ. ಅದು ಅರ್ಧ ಮಾತು. ಅದು ತುಕ್ಕು ತಡೀತೈತೆ, ನೀರು ಕುದಿಯೋದನ್ನೂ ತಡ ಮಾಡ್ತೈತೆ. ಅದರ ಮೇಲೆ ಮುಚ್ಚಳ ಒಂದೈತೆ, ನಮ್ಮ ಕುಕ್ಕರಿನ ವೆಯ್ಟ್ ಇದ್ದಂಗೆ. ಬರೀ ಪಾತ್ರೆಯಾಗೆ ನೀರು 100 ಡಿಗ್ರಿಗೆ ಕುದೀತೈತೆ, ಕುಕ್ಕರಿನಾಗೆ ಒತ್ತಡದಿಂದ 120ರ ಹತ್ರ ಹೋಗ್ತೈತೆ. ಕಾರಿನದೂ ಅದೇ ಲೆಕ್ಕ. ಅದಕ್ಕೇ ಬಿಸಿ ಇರೋವಾಗ ರೇಡಿಯೇಟರ್ ಮುಚ್ಚಳ ತೆಗೀಬಾರದು. ಸೀಟಿ ಇಳಿಯೋ ಮುಂಚೆ ಕುಕ್ಕರ್ ತೆಗೆದ್ರೆ ಏನಾಗ್ತೈತೋ ಅದೇ ಆಗ್ತೈತೆ, ಮುಖದ ಮೇಲೆ.

ನೀರು ಖಾಲಿ ಆದ ಮೇಲೆ ಎಂಜಿನ್ನಿನ ತಲೆ, ಹೆಡ್ ಅಂತಾರೆ, ಅಲ್ಯೂಮಿನಿಯಂದು, ಕಾದು ಸೊಟ್ಟ ಆಗಿತ್ತು. ಒಲೆ ಮೇಲೆ ಮರೆತ ಅಲ್ಯೂಮಿನಿಯಂ ಪಾತ್ರೆ ತಳ ಡೊಂಕಾಗಲ್ವಾ, ಹಂಗೆ. ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ಮಧ್ಯೆ ಇರೋ ಗ್ಯಾಸ್ಕೆಟ್ ಸುಟ್ಟಿತ್ತು. ಒಳಗೆ ಉಳಿದಿದ್ದ ನೀರು ಆಯಿಲಿಗೆ ಸೇರಿ ಆಯಿಲು ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿತ್ತು. ಆ ಆಯಿಲಿನಾಗೆ ಎಂಜಿನ್ ಓಡಿಸಿದ್ರೆ ಬೇರಿಂಗು ಹೋಗ್ತಾವೆ, ಆಮೇಲೆ ಎಂಜಿನ್ನೇ ಹೊಸದು. ಗಾಡಿ ನಿಂತ ಮೇಲೆ ಮಗ ಮತ್ತೆ ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಹೋಗಿದ್ದಕ್ಕೆ ಅಷ್ಟು ಉಳೀತು.

ಇಷ್ಟರ ಮೇಲೆ ಇನ್ನೊಂದು. ಆಯಿಲ್ ಇಳಿಸೋ ಬೋಲ್ಟನ್ನ ಮೊದಲ್ನೋನು ಜೋರಾಗಿ ತಿರುವಿ ಮರೆ ಹಾಳು ಮಾಡಿ, ನಲ್ಲಿಗೆ ಸುತ್ತೋ ಬಿಳೀ ಟೇಪು ಸುತ್ತಿ ಕೂರಿಸಿದ್ದ. ನೋಡಿ ನಗು ಬಂತು, ಅಳೂನೂ ಬಂತು.

ಎರಡನೇಯೋನು ಮಾಡಿದ ಕೆಲ್ಸ ನೋಡಿದ್ರೆ ನಾಜೂಕು ಅಂದ್ರೇನು ಅಂತ ಗೊತ್ತಾಗ್ತೈತೆ. ಹೆಡ್ಡಿನ ಮೇಲೆ ಉಕ್ಕಿನ ನೇರ ಪಟ್ಟಿ ಇಟ್ಟು ಸಂದಿಗೆ ತೆಳ್ಳನೆ ತಗಡು ತೂರಿಸಿ ನೋಡಿದ. ಒಂದು ತಲೆಕೂದಲು ದಪ್ಪದ ಸಂದಿದ್ರೂ ಹೊಸ ಗ್ಯಾಸ್ಕೆಟ್ ನಿಲ್ಲಲ್ವಂತೆ. ದುರ್ಗಕ್ಕೆ ಲೇತಿಗೆ ಕಳಿಸಿ ಬಿರುಕು ಐತಾ ಅಂತ ಪರೀಕ್ಷೆ ಮಾಡಿಸಿ, ಮಟ್ಟ ಹೊಡೆಸಿ ತರಿಸಿದ. ಹಳೇ ಗ್ಯಾಸ್ಕೆಟ್ ಚೂರನ್ನ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದ, ಸ್ಕ್ರೂ ಡ್ರೈವರ್ ಹಾಕಿ ಗೀಚಲಿಲ್ಲ. ಹೆಡ್ ಬೋಲ್ಟು ಎಲ್ಲಾ ಹೊಸವು, ಯಾಕಂದ್ರೆ ಆ ಬೋಲ್ಟು ಒಂದ್ಸಲ ಬಿಗಿದ್ರೆ ಹಿಗ್ಗಿಬಿಡ್ತಾವೆ. ಬಿಗಿಯೋಕೂ ಒಂದು ಕ್ರಮ ಐತೆ: ನಡುವಿಂದ ಶುರು ಮಾಡಿ ಎರಡೂ ಕಡೆ ಹೊರಕ್ಕೆ, ಒಂದೇ ಸಲಕ್ಕೆ ಅಲ್ಲ, ಎರಡು ಮೂರು ಸುತ್ತು, ಅಳತೆ ತೋರಿಸೋ ಟಾರ್ಕ್ ಪಾನದಾಗೆ. ಕೈ ಅಂದಾಜು ಇಲ್ಲಿ ನಡೆಯಲ್ಲ. ರೇಡಿಯೇಟರ್ ತೊಳೆದ, ಥರ್ಮೋಸ್ಟಾಟ್ ಹೊಸದು ಹಾಕಿದ, ಆಯಿಲ್ ಎರಡು ಸಲ ಬದಲಾಯಿಸಿದ, ಬೋಲ್ಟಿನ ತೂತಿಗೆ ಹೊಸ ಮರೆ ಕೂರಿಸಿದ, ಕೂಲೆಂಟ್ ತುಂಬಿ ಒಳಗಿನ ಗಾಳಿ ಪೂರ್ತಿ ಹೋಗೋವರೆಗೂ ಕಾದ. ಒಟ್ಟು 11 ದಿನ, 36,400 ರೂಪಾಯಿ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅನ್ನೋದು ಸುಮ್ನೆ ಅಲ್ಲ. ಆ 11 ದಿನ ಅತ್ತೆನ ಕಣ್ಣಿನ ಡಾಕ್ಟರ ಹತ್ರ ಎರಡು ಬಸ್ ಬದಲಾಯಿಸಿ ಕರ್ಕೊಂಡು ಹೋದ್ವಿ.

ಇಲ್ಲಿ ಒಂದು ಮಾತು ಸ್ಪಷ್ಟ ಹೇಳ್ಬೇಕು. ಮೊದಲ್ನೋನು ಓದಿಲ್ಲ, ಅದಕ್ಕೇ ಹಿಂಗಾಯ್ತು ಅಂತ ಮನೆಗೆ ಬಂದ ನೆಂಟರು ಅಂದ್ರು. ನಾನು ಒಪ್ಪಲ್ಲ. ಐಟಿಐನಾಗೆ ಮೋಟಾರು ಮೆಕ್ಯಾನಿಕ್ ಅಂತ 2 ವರ್ಷದ ಕೋರ್ಸ್ ಐತೆ, ಹುಡುಗ್ರು ಕಲೀಲಿ, ಒಳ್ಳೇದೇ. ಆದ್ರೆ ನಮಗೆ ಸರಿ ಮಾಡಿಕೊಟ್ಟೋನು ಐಟಿಐ ಮೆಟ್ಟಿಲು ಹತ್ತಿದೋನಲ್ಲ, ಹತ್ತು ವರ್ಷಕ್ಕೇ ಗ್ಯಾರೇಜು ಸೇರಿ ಕೈಯಾಗೇ ಕಲಿತೋನು. ವ್ಯತ್ಯಾಸ ಓದಿನದಲ್ಲ. ಒಬ್ಬ ಕೆಲ್ಸ ಮುಗಿದ ಮೇಲೆ ಗಾಡಿ ಅರ್ಧ ಗಂಟೆ ಓಡಿಸಿ ಬಗ್ಗಿ ನೋಡ್ದ, ಇನ್ನೊಬ್ಬ ದುಡ್ಡು ಎಣಿಸಿಕೊಂಡು ಮುಂದಿನ ಗಾಡಿಗೆ ಹೋದ. ಅನ್ನ ಬಸಿಯೋ ಮುಂಚೆ ಒಂದು ಅಗುಳು ಹಿಸುಕಿ ನೋಡೋದು ಯಾವ ಕಾಲೇಜಿನಾಗೂ ಹೇಳಿಕೊಡಲ್ಲ.

ಇನ್ನು ನಾವು ಕೇಳ್ಬೇಕಾದ್ದು. ಎಂಜಿನ್ ಗೊತ್ತಿರಬೇಕಾಗಿಲ್ಲ, ಬಾಯಿ ಇದ್ರೆ ಸಾಕು.

ಗಾಡಿ ಬಿಡೋವಾಗಲೇ "ಬಿಚ್ಚಿದ ಹಳೇ ಸಾಮಾನು ಡಿಕ್ಕಿಯಾಗೆ ಹಾಕಿಕೊಡಪ್ಪ" ಅಂತ ಹೇಳ್ರಿ. ಹಳೇದು ವಾಪಸ್ ಕೊಡ್ಬೇಕು ಅಂದ್ರೆ ಹೊಸದು ಹಾಕಲೇಬೇಕಾಗ್ತೈತೆ. ಏನು ಬಿಚ್ಚಿದ್ದು, ಏನು ಹಾಕಿದ್ದು, ಎಷ್ಟು ಅಂತ ಒಂದು ಚೀಟಿಯಾಗೆ ಬರೆಸಿಕೊಳ್ರಿ, ತಾರೀಖು ಸಮೇತ. ಯಾವ ಆಯಿಲು, ಯಾವ ಕೂಲೆಂಟು ಅಂತ ಡಬ್ಬಿದು ಮೊಬೈಲಿನಾಗೆ ಫೋಟೋ ತಗಳ್ರಿ. ದುಡ್ಡು ಕೊಡೋ ಮುಂಚೆ ಮೆಕ್ಯಾನಿಕ್ಕನ್ನ ಪಕ್ಕದಾಗೆ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದು, ಗಾಡಿ ಕೆಳಗೆ ಹಳೇ ಪೇಪರ್ ಹಾಸಿ ಕಾಲು ಗಂಟೆ ನಿಲ್ಲಿಸ್ರಿ. ತೊಟ್ಟು ಬಿದ್ರೆ ಅಲ್ಲೇ ಕಾಣ್ತೈತೆ. ಮಾರನೇ ದಿನ ಬೆಳಿಗ್ಗೆ ಎಂಜಿನ್ ತಣ್ಣಗಿರೋವಾಗ ಆಯಿಲ್ ಕಡ್ಡಿ ಎತ್ತಿ ನೋಡ್ರಿ. ಬಣ್ಣ ಕಾಫಿ ಥರ ಇದ್ರೆ ಗಾಡಿ ಮುಟ್ಟಬೇಡ್ರಿ.

"ಅಯ್ಯೋ, ಊರಿನೋನೇ, ದಿನಾ ಮುಖ ನೋಡ್ಬೇಕು, ಚೀಟಿ ಕೇಳಿದ್ರೆ ನಂಬಿಕೆ ಇಲ್ವಾ ಅಂತಾನೆ" ಅಂತೀರಿ. ಈ ಮುಲಾಜು ನನಗೂ ಗೊತ್ತು, ಬಸ್ಸು ಕಮ್ಮಿ ಇರೋ ನಮ್ಮ ಧರ್ಮಪುರದ ಕಡೆ ಒಬ್ಬ ಮೆಕ್ಯಾನಿಕ್ಕನ್ನ ಬಿಟ್ರೆ ಇನ್ನೊಬ್ಬನಿಗೆ ಹಿರಿಯೂರಿಗೇ ಹೋಗ್ಬೇಕು. ಆದ್ರೆ ಅಕ್ಕಸಾಲಿ ಸರ ಕರಗಿಸೋ ಮುಂಚೆ ನಮ್ಮ ಮುಂದೆ ತೂಗಿ ಬರೆದುಕೊಡ್ತಾನೆ, ಕಡ್ಲೆಕಾಯಿ ಎಣ್ಣೆ ಮಿಲ್ಲಿಗೆ ಹಾಕಿದ್ರೆ ತೂಕದ ಚೀಟಿ ಇಸ್ಕೊಂತೀವಿ. ಅಲ್ಲಿ ಯಾರೂ ಮುನಿಸಿಕೊಳ್ಳಲ್ಲ. ಚೀಟಿ ಒಳ್ಳೇ ಮೆಕ್ಯಾನಿಕ್ಕಿಗೂ ಕಾವಲು. ನಾಳೆ ಬೇರೆ ಯಾವುದೋ ಕೆಟ್ರೆ "ನಾನು ಮುಟ್ಟಿದ್ದು ಇಷ್ಟೇ" ಅಂತ ತೋರಿಸ್ಬೋದು.

ಕಾನೂನೂ ನಮ್ಮ ಕಡೆ ಐತೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದೈತೆ. ದುಡ್ಡು ತಗಂಡು ಮಾಡಿದ ರಿಪೇರಿ ಹಾಳಾದ್ರೆ ಅದು ಸೇವೆಯ ಕೊರತೆ. ಮಾಡಿದ ಕೆಲ್ಸಕ್ಕೆ ಬಿಲ್ಲು ಕೊಡದೇ ಇರೋದನ್ನೂ ಆ ಕಾಯ್ದೆ ತಪ್ಪು ವ್ಯಾಪಾರ ಪದ್ಧತಿ ಅಂತ ಹೇಳ್ತೈತೆ. ನಾವು ಇರೋ ಜಿಲ್ಲೆಯ ಗ್ರಾಹಕರ ಆಯೋಗಕ್ಕೇ ದೂರು ಕೊಡ್ಬೋದು, 2 ವರ್ಷದ ಒಳಗೆ. ಕೊಟ್ಟ ದುಡ್ಡು 5 ಲಕ್ಷದವರೆಗೆ ಇದ್ರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಾನೂ ಇಲ್ಲ. ಅದಕ್ಕೂ ಮುಂಚೆ ಕೇಳಿ ತಿಳ್ಕೊಳ್ಳೋಕೆ 1915 ಅಂತ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಐತೆ. ಆದ್ರೆ ಎಲ್ಲಿಗೆ ಹೋದ್ರೂ ಮೊದಲು ಕೇಳೋದು ಅದೇ ಚೀಟಿ, ಅದೇ ಫೋಟೋ, ಅದೇ ಹಳೇ ಸಾಮಾನು. ಕೆಡಿಸಿದ ಗಾಡೀನ ಎರಡನೇಯೋನು ಬಿಚ್ಚೋವಾಗ ಮುಂದೆ ನಿಂತು ಫೋಟೋ ತೆಗೆದಿಡೋದು ಅದಕ್ಕೇ. ಕೂಡಿಸಿ ಮುಚ್ಚಿದ ಮೇಲೆ ಸಾಕ್ಷಿ ಇರಲ್ಲ.

ನಾವು ಆ ಫೋಟೋ, ಟೇಪು ಸುತ್ತಿದ ಬೋಲ್ಟು, ಪೇಸ್ಟಿನ ತುಂಡು ಎಲ್ಲಾ ಒಂದು ಕವರಿಗೆ ಹಾಕಿ ಮೊದಲ್ನೋನ ಮುಂದೆ ಇಟ್ವಿ. ಮೊದಲು "ನಾನು ಕೊಡೋವಾಗ ಸರಿಯಾಗೇ ಇತ್ತು" ಅಂದ. ಬೋಲ್ಟು ಕೈಗೆ ಕೊಟ್ಟ ಮೇಲೆ ಸುಮ್ನಾದ. ಅವನ 2,800 ವಾಪಸ್ ಕೊಟ್ಟ. ಉಳಿದ 36,400 ನಮ್ಮದೇ ಹೋಯ್ತು, ಆ ವರ್ಷ ಸಂಘದ ಎರಡು ಕಂತು ಹಿಂದೆ ಬಿತ್ತು. ಕೋರ್ಟು ಕಚೇರಿ ಅಂತ ಅವನ ಶೆಡ್ಡು ಮುಚ್ಚಿಸೋದು ನನಗೆ ಬೇಕಾಗಿರಲಿಲ್ಲ, ಅವನಿಗೂ ಸಣ್ಣ ಮಕ್ಕಳು ಇದಾವೆ. ಆದ್ರೆ ಕೈಯಾಗೆ ಸಾಕ್ಷಿ ಇಟ್ಕೊಂಡು ಬಿಟ್ಟುಕೊಡೋದು ಬೇರೆ, ಏನೂ ಇಲ್ಲದೆ ಬಾಯಿ ಮುಚ್ಚಿಕೊಂಡು ಬರೋದು ಬೇರೆ.

ಹಂಗಾಗಿ ಅಕ್ಕ ತಂಗೇರೆ, ಮುಂದಿನ ಸಲ ಗಾಡಿ ಶೆಡ್ಡಿಗೆ ಹೋಗೋವಾಗ ನೀವೂ ಹತ್ತಿ ಕೂತ್ಕೊಳ್ರಿ. "ನಿಂಗೇನು ಗೊತ್ತಾಗ್ತೈತೆ" ಅಂದ್ರೆ ಕುಕ್ಕರ್ ಗ್ಯಾಸ್ಕೆಟ್ ನಾನೇ ಬದಲಾಯಿಸೋದು ಅನ್ರಿ. ಹೋಗೋವಾಗ ಒಂದು ಹಳೇ ಪೇಪರು, ಒಂದು ಪೆನ್ನು ಬ್ಯಾಗಿನಾಗೆ ಇರಲಿ.