ಮದ್ದಿನಿಂದ ಬಂದ ನಡುಕ

ಮನೆಯಲ್ಲಿ ಹಿರಿಯರೊಬ್ಬರ ಕೈ ನಡುಗತೊಡಗಿದರೆ ಅದು ಮುಪ್ಪಿನ ಧರ್ಮವೆಂದೋ ಕಂಪವಾತವೆಂದೋ ಹೇಳಿ ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಆದರೆ ನಡುಕಗಳೆಲ್ಲವೂ ಒಂದೇ ಮೂಲದವಲ್ಲ. ಚಿತ್ತವಿಕಾರದ ಶಮನಕ್ಕೆಂದು ಸೇವಿಸುವ ಔಷಧದಿಂದಲೇ ಕೆಲವರಿಗೆ ಕೈ ನಡುಗುವುದು, ನಡಿಗೆ ನಿಧಾನವಾಗುವುದು, ಮುಖ ಭಾವಶೂನ್ಯವಾಗುವುದು, ಕುಳಿತಲ್ಲಿ ಕುಳಿತಿರಲಾರದ ಚಡಪಡಿಕೆ ಹುಟ್ಟುವುದು ಉಂಟು. ಬಹುಕಾಲ ಸೇವಿಸಿದವರಲ್ಲಿ ತುಟಿ ನಾಲಗೆಗಳು ತಾವಾಗಿಯೇ ಆಡುತ್ತಿರುವುದೂ ಉಂಟು. ಗೃಹಸ್ಥರು ತಿಳಿದಿರಬೇಕಾದ ವಿಷಯವಾದುದರಿಂದ ಈ ತಿಂಗಳು ಇದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಈ ಔಷಧಗಳನ್ನು ನಾವು ನಿಂದಿಸುವವರಲ್ಲ. 1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯ ಡಲೇ ಮತ್ತು ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನನ್ನು ಚಿತ್ತರೋಗಿಗಳಿಗೆ ಕೊಟ್ಟು ಗುಣ ಕಂಡರು. ಅಂದಿನಿಂದ ಎಷ್ಟೋ ಮಂದಿ ಆಸ್ಪತ್ರೆಯ ಗೋಡೆಗಳಿಂದ ಹೊರಬಂದು ಸಂಸಾರದಲ್ಲಿ ಬಾಳಿದ್ದಾರೆ. ಆದರೆ ಗುಣದೊಡನೆ ದೋಷವೂ ಬಂದಿತು.

ದೋಷದ ಕಾರಣವಿದು. ಮೆದುಳಿನಲ್ಲಿ ಡೋಪಮೀನ್ ಎಂಬ ರಸವು ದೂತನಂತೆ ಒಂದು ನರಕೋಶದಿಂದ ಇನ್ನೊಂದಕ್ಕೆ ಸಂದೇಶವನ್ನು ಒಯ್ಯುತ್ತದೆ. ಅಂಗಾಂಗಗಳ ಸರಾಗ ಚಲನೆಗೆ ಇದು ಅವಶ್ಯಕ. ಪಾರ್ಕಿನ್ಸನ್ ವ್ಯಾಧಿಯಲ್ಲಿ ಆ ರಸವನ್ನು ತಯಾರಿಸುವ ಕೋಶಗಳೇ ನಶಿಸುತ್ತವೆ. ಚಿತ್ತರೋಗದ ಔಷಧವಾದರೋ ಸಂದೇಶವು ಸೇರಬೇಕಾದ ಬಾಗಿಲನ್ನು ಅಡ್ಡಗಟ್ಟುತ್ತದೆ. ಒಂದರಲ್ಲಿ ದೂತನೇ ಇಲ್ಲ. ಇನ್ನೊಂದರಲ್ಲಿ ದೂತನಿದ್ದಾನೆ, ಬಾಗಿಲು ತೆರೆಯದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ನಡುಕ.

ಈ ಭೇದವನ್ನು ತೋರಿಸುವ ಚಿತ್ರಣವಿಧಾನವೊಂದು ಈಗ ದೊಡ್ಡ ಆಸ್ಪತ್ರೆಗಳಲ್ಲಿದೆ. ಅದಕ್ಕೆ ಸ್ಪೆಕ್ಟ್ ಎಂದು ಹೆಸರು. ಅಲ್ಪ ವಿಕಿರಣವುಳ್ಳ ದ್ರವವನ್ನು ರಕ್ತನಾಳಕ್ಕೆ ಚುಚ್ಚಿ, ಕೆಲವು ಗಂಟೆಗಳ ತರುವಾಯ ಮೆದುಳಿನ ಚಿತ್ರ ತೆಗೆಯುತ್ತಾರೆ. ಆ ದ್ರವವು ಡೋಪಮೀನ್ ಕೋಶಗಳ ತುದಿಗಳಿಗೆ ಅಂಟಿಕೊಳ್ಳುತ್ತದೆ. ಕೋಶಗಳು ಕ್ಷೇಮವಾಗಿದ್ದರೆ ಚಿತ್ರದಲ್ಲಿ ಎಡಬಲಕ್ಕೆ ಎರಡು ಅಲ್ಪವಿರಾಮಗಳು ಬೆಳಗುತ್ತವೆ. ಪಾರ್ಕಿನ್ಸನ್ ವ್ಯಾಧಿಯಲ್ಲಿ ಅವುಗಳ ಬಾಲವು ಅಳಿಸಿ ಬರಿಯ ಚುಕ್ಕೆ ಉಳಿಯುತ್ತದೆ. ಔಷಧವೊಂದೇ ನಡುಕಕ್ಕೆ ಕಾರಣವಾಗಿದ್ದರೆ ಅಲ್ಪವಿರಾಮವು ಸಾಮಾನ್ಯವಾಗಿ ಅಖಂಡವಾಗಿರುತ್ತದೆ. ಕೆಲವೊಮ್ಮೆ ಒಳಗೆ ಅಡಗಿದ್ದ ವ್ಯಾಧಿಯನ್ನು ಔಷಧವು ಹೊರಗೆಡಹುವುದೂ ಉಂಟು. ಆಗ ಬಾಲ ಅಳಿಸಿರುವುದು ಕಾಣುತ್ತದೆ. ಎಲ್ಲ ರೋಗಿಗಳಿಗೂ ಈ ಪರೀಕ್ಷೆ ಬೇಕಿಲ್ಲ. ಸಂದೇಹವುಳ್ಳಲ್ಲಿ ಮಾತ್ರ ಉಪಯುಕ್ತ.

ಪೆಟ್ ಎಂಬ ಇನ್ನೊಂದು ಚಿತ್ರಣವು ವೈದ್ಯರಿಗೇ ಪಾಠ ಹೇಳಿತು. ಸ್ವೀಡನ್ನಿನ ಲಾರ್ಸ್ ಫಾರ್ಡೆ ಮೊದಲಾದವರು, ಔಷಧವು ಎಷ್ಟು ಬಾಗಿಲುಗಳನ್ನು ಹಿಡಿದಿದೆಯೆಂಬುದನ್ನು ಜೀವಂತ ಮನುಷ್ಯರ ಮೆದುಳಿನಲ್ಲಿಯೇ ಅಳೆದರು. ಇಂತಹ ಪರೀಕ್ಷೆಗಳಿಂದ ತಿಳಿದುದೇನೆಂದರೆ, ನೂರಕ್ಕೆ ಸುಮಾರು 65 ಬಾಗಿಲುಗಳನ್ನು ಹಿಡಿದಾಗ ಹಲವರಲ್ಲಿ ಗುಣ ಕಾಣುತ್ತದೆ. 80ರ ಸಮೀಪಕ್ಕೆ ಹೋದರೆ ನಡುಕ, ಬಿಗಿತಗಳು ಹೆಚ್ಚುತ್ತವೆ. ಮಾತ್ರೆಯ ಪ್ರಮಾಣ ಹೆಚ್ಚಿದಷ್ಟೂ ಗುಣ ಹೆಚ್ಚೆಂಬ ನಂಬಿಕೆ ಇದರಿಂದ ಸಡಿಲಿತು.

ಗೃಹಸ್ಥರ ಕರ್ತವ್ಯವೇನು? ನಮಗೆ ಪರಿಚಿತವಾದ ಮನೆಯೊಂದರಲ್ಲಿ ತಾಯಿಯ ಕೈ ನಡುಗಿತೆಂದು ಮಕ್ಕಳು ಮಾತ್ರೆಯನ್ನು ತಾವೇ ನಿಲ್ಲಿಸಿದರು. ಎರಡು ತಿಂಗಳೊಳಗೆ ಹಳೆಯ ಭ್ರಮೆ ಮರುಕಳಿಸಿ, ಆಕೆ ಅನ್ನವನ್ನು ವಿಷವೆಂದು ದೂಡಿದರು. ಆದಕಾರಣ ಮಾತ್ರೆಯನ್ನು ತಾವಾಗಿ ಬಿಡಿಸಲಾಗದು; ನಡುಕವನ್ನು ಅಲಕ್ಷಿಸಲೂ ಆಗದು. ಸೇವಿಸುವ ಔಷಧಗಳ ಹೆಸರುಗಳನ್ನೆಲ್ಲ ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಬೇಕು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜೀನ್‌ಗಳೂ ಇಂತಹ ನಡುಕವನ್ನು ತರಬಲ್ಲವು, ಅವೂ ಚೀಟಿಯಲ್ಲಿರಲಿ. ವೈದ್ಯರು ಪ್ರಮಾಣವನ್ನು ತಗ್ಗಿಸಿದರೆ ಅಥವಾ ಮದ್ದನ್ನು ಬದಲಿಸಿದರೆ ಅನೇಕರಲ್ಲಿ ಕೆಲವು ವಾರಗಳಿಂದ ಕೆಲವು ತಿಂಗಳುಗಳೊಳಗೆ ನಡುಕ ಇಳಿಯುತ್ತದೆ. ತುಟಿ ನಾಲಗೆಗಳ ಆಟವು ಮಾತ್ರ ಹಳೆಯದಾದಷ್ಟೂ ಬಿಡುವುದು ಕಷ್ಟ. ಅದನ್ನು ಮೊದಲು ಕಾಣುವವರು ಜೊತೆಯಲ್ಲಿ ಕುಳಿತು ಉಣ್ಣುವ ಮನೆಯವರೇ. ಕಂಡ ದಿನವೇ ವೈದ್ಯರಿಗೆ ತಿಳಿಸುವುದು ಲೇಸು.