ಕಾರ್ಯದರ್ಶಿಯಾಗಬಯಸುವ ನಮ್ಮ ಮಕ್ಕಳಿಗೆ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ತೋಟದ ಮನೆಗಳಲ್ಲಿ ಬಿ.ಕಾಂ. ಮುಗಿಸಿದ ಮಕ್ಕಳು ಮೊದಲು ನೋಡುವುದು ಬೆಂಗಳೂರಿನ ಬಸ್ಸನ್ನು. ಊರಿನ ಸಹಕಾರ ಸಂಘದ ಕಾರ್ಯದರ್ಶಿಯ ಕೆಲಸ ಅವರ ಕಣ್ಣಿಗೆ ಬೀಳುವುದಿಲ್ಲ. ಬಿದ್ದರೂ ಅದು ಅಧ್ಯಕ್ಷರ ನೆಂಟರಿಗೆ ಮೀಸಲೆಂದು ನಂಬಿದ್ದಾರೆ. ಈ ನಂಬಿಕೆ ಪೂರ್ತಿ ಸುಳ್ಳೆನ್ನಲು ನನಗೂ ಧೈರ್ಯವಿಲ್ಲ.

ಕೆಲಸ ಕಲಿಯಲು ಹಾಲಿನ ಸಂಘಕ್ಕಿಂತ ಒಳ್ಳೆಯ ಶಾಲೆ ಬೇರಿಲ್ಲ. ಗೆಜ್ಜಲಗೆರೆಯ ಡೇರಿಗೆ ಹಾಲು ಕಳಿಸುವ ಸಂಘಗಳಲ್ಲಿ ಬೆಳಗ್ಗೆ ಸಂಜೆ ಅಳತೆ, ಜಿಡ್ಡಿನ ಪರೀಕ್ಷೆ, ಆಮೇಲೆ ಬಟವಾಡೆ. ಸಹಾಯಕನಾಗಿ ಸೇರಿದವನು ನಗದು ಪುಸ್ತಕವನ್ನು ಅಂದಂದೇ ಬರೆದು ಮುಗಿಸುವುದನ್ನು ರೂಢಿ ಮಾಡಿಕೊಳ್ಳಲಿ. ನಾಳೆ ಬರೆದರಾಯಿತು ಎಂದವನ ಲೆಕ್ಕ ಮಾರ್ಚ್ 31ಕ್ಕೆ ತಾಳೆಯಾಗುವುದಿಲ್ಲ. ನಡಾವಳಿಯಲ್ಲಿ ಸಭೆ ತೀರ್ಮಾನಿಸಿದ್ದನ್ನಷ್ಟೇ ಬರೆಯಬೇಕು, ಅಧ್ಯಕ್ಷರು ಆಮೇಲೆ ಹೇಳಿದ್ದನ್ನಲ್ಲ. 1959ರ ಸಹಕಾರ ಸಂಘಗಳ ಕಾಯಿದೆಯನ್ನು ಓದಿಟ್ಟುಕೊಳ್ಳಲಿ. ಸಹಕಾರ ನಿರ್ವಹಣೆಯ ಡಿಪ್ಲೊಮಾ ತರಬೇತಿಯೂ ಇದೆ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2022ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಮೇಲೆ ಕಂಪ್ಯೂಟರ್ ಬಾರದವನಿಗೆ ಕಷ್ಟ.

ಇನ್ನು ಆಡಳಿತ ಮಂಡಳಿಯವರಿಗೊಂದು ಮಾತು. ಹುದ್ದೆ ಖಾಲಿಯಾದಾಗ ನೋಟೀಸು ಬೋರ್ಡಿಗೆ ಹಾಕಿ ಅರ್ಜಿ ಕರೆಯಿರಿ. ಒಂದು ತಿಂಗಳ ಜಮಾ ಖರ್ಚಿನ ಚೀಟಿಗಳನ್ನು ಕೊಟ್ಟು, ಎದುರಿಗೇ ಬರೆಸಿ ನೋಡಿ. ನಮ್ಮ ಅಡಿಕೆ, ತೆಂಗಿನ ಸಾಲದ ಲೆಕ್ಕ ಅವರ ಕೈಯಲ್ಲೇ ಇರುವುದು. ಹೆಣ್ಣುಮಕ್ಕಳ ಅರ್ಜಿ ಬಂದರೆ ಬದಿಗಿಡಬೇಡಿ; ಮಹಿಳಾ ಹಾಲು ಸಂಘಗಳ ಲೆಕ್ಕಪತ್ರವನ್ನು ಅವರೇ ನಡೆಸುತ್ತಿದ್ದಾರೆ.