ನೆರೆಯೋ, ನೆರೆಹೊರೆಯೋ?

ಕನ್ನಡದಲ್ಲಿ ‘ನೆರೆ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಹೊಳೆ ದಡ ಮೀರಿ ಊರಿಗೆ ನುಗ್ಗಿದರೆ ಅದು ನೆರೆ. ಗೋಡೆಯಾಚೆಯ ಮನೆಯಲ್ಲಿದ್ದು ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಕಳುಹಿಸುವವರೂ ನೆರೆಯವರೇ. ಮೊದಲನೆಯದು ಬಂದಿತೆಂದರೆ ಜನ ಮರಳಿನ ಮೂಟೆ ಒಡ್ಡುತ್ತಾರೆ. ಎರಡನೆಯವರು ಬಂದರೆ ಬಾಗಿಲು ತೆರೆಯುತ್ತಾರೆ. ಪರದೇಶದಿಂದ ಬಂದು ನೆಲೆಸುವವರನ್ನು ಕುರಿತು ರಾಜಕಾರಣಿಗಳು ಆಡುವ ಮಾತಿನ ಮರ್ಮವೆಲ್ಲ ಈ ಎರಡು ಅರ್ಥಗಳ ನಡುವೆ ಅಡಗಿದೆ. ನೆರೆಯವನಾಗಬಹುದಾದವನನ್ನು ಒಮ್ಮೆ ‘ಪ್ರವಾಹ’ವೆಂದು ಕರೆದುಬಿಟ್ಟರೆ ಸಾಕು, ಉಳಿದ ಕೆಲಸವನ್ನು ಭಯವೇ ಮಾಡಿ ಮುಗಿಸುತ್ತದೆ.

ಇದಕ್ಕೆ ಇಂಗ್ಲೆಂಡಿಗಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ತೀರಕ್ಕೆ ರೈಲುದಾರಿ ಹಾಕಲೆಂದು ಬ್ರಿಟಿಷರು ಭಾರತದಿಂದ ಸುಮಾರು 32,000 ಕೂಲಿಗಳನ್ನು ಕರೆದೊಯ್ದರು. ಕೆಲಸ ಮುಗಿದ ಮೇಲೆ ಬಹುಮಂದಿ ಹಿಂದಿರುಗಿದರು; ಕೆಲವರು ಅಲ್ಲಿಯೇ ನಿಂತರು. ಅನಂತರ ಗುಜರಾತು, ಪಂಜಾಬುಗಳಿಂದ ವರ್ತಕರೂ ಗುಮಾಸ್ತರೂ ಕುಶಲಕರ್ಮಿಗಳೂ ಹೋಗಿ ಸೇರಿಕೊಂಡರು. ಆಗ ಅವರು ಸಾಮ್ರಾಜ್ಯಕ್ಕೆ ಬೇಕಾದ ಕೈಗಳು.

1963ರ ಡಿಸೆಂಬರ್ 12ರಂದು ಕೀನ್ಯಾ ಸ್ವತಂತ್ರವಾಯಿತು. ಪೌರತ್ವವನ್ನು ಆರಿಸಿಕೊಳ್ಳಲು ಅಲ್ಲಿಯ ಭಾರತೀಯರಿಗೆ ಎರಡು ವರ್ಷಗಳ ಅವಧಿ ದೊರೆಯಿತು. ಸಾವಿರಾರು ಜನ ಬ್ರಿಟಿಷ್ ಪಾಸ್‌ಪೋರ್ಟನ್ನೇ ನಂಬಿ ಉಳಿದರು. 1967ರಲ್ಲಿ ಕೀನ್ಯಾ ಸರ್ಕಾರ ಪೌರರಲ್ಲದವರು ಕೆಲಸ ಮಾಡಲು ಪರವಾನಗಿ ಬೇಕೆಂದು ಕಾನೂನು ಮಾಡಿದಾಗ, ಈ ಜನ ತಮ್ಮ ಪಾಸ್‌ಪೋರ್ಟು ಹಿಡಿದು ಇಂಗ್ಲೆಂಡಿನತ್ತ ಹೊರಟರು. ಅಲ್ಲಿ ಕೂಗು ಎದ್ದಿತು. 1968ರ ಫೆಬ್ರವರಿ 27ರಂದು ಗೃಹಮಂತ್ರಿ ಜೇಮ್ಸ್ ಕ್ಯಾಲಹನ್ ಅವರ ಮಸೂದೆ ಕಾಮನ್ಸ್ ಸಭೆಯ ಮುಂದೆ ಬಂದಿತು. ಮಾರ್ಚ್ 1ರಂದು ಅದು ಕಾನೂನಾಯಿತು. ಪಾಸ್‌ಪೋರ್ಟು ಇದ್ದರೆ ಸಾಲದು. ತಾನಾಗಲಿ, ತಂದೆತಾಯಿಗಳಾಗಲಿ, ಅಜ್ಜ ಅಜ್ಜಿಯರಾಗಲಿ ಬ್ರಿಟನ್ನಿನಲ್ಲಿ ಹುಟ್ಟಿರಬೇಕು, ಅಥವಾ ಅಲ್ಲಿಯೇ ಪೌರತ್ವ ಪಡೆದಿರಬೇಕು. ಉಳಿದವರಿಗೆ ವರ್ಷಕ್ಕೆ 1,500 ಕುಟುಂಬಗಳ ಮಿತಿ.

ವಸಾಹತು ಮಂತ್ರಿಗಳಾಗಿದ್ದ ಇಬ್ಬರು ಒಂದೇ ಪಕ್ಷದವರಾಗಿದ್ದೂ ಇಲ್ಲಿ ಎದುರುಬದುರಾದರು. ಕೀನ್ಯಾದ ಸ್ವಾತಂತ್ರ್ಯದ ಕಾಲಕ್ಕೆ ಆ ಪದವಿಯಲ್ಲಿದ್ದ ಡಂಕನ್ ಸ್ಯಾಂಡಿಸ್ ನಿರ್ಬಂಧ ಬೇಕೆಂದರು. ಅವರಿಗಿಂತ ಮೊದಲು ಅದೇ ಪದವಿಯಲ್ಲಿದ್ದ ಇಯಾನ್ ಮೆಕ್ಲಾಡ್, ಕೊಟ್ಟ ಮಾತಿಗೆ ತಪ್ಪುವುದು ಸಲ್ಲದೆಂದು ವಾದಿಸಿ ಮಸೂದೆಗೆ ವಿರುದ್ಧವಾಗಿ ಮತವಿತ್ತರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ ಹಿರಿಯರು. ಅಂದು ಎರಡೂ ಹೋದವು.

ಏಪ್ರಿಲ್ 20ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಈನಾಕ್ ಪೊವೆಲ್ ಮಾತನಾಡಿದರು. ಇವರು ಸಾಮಾನ್ಯರಲ್ಲ, ಇಪ್ಪತ್ತೈದನೆಯ ವಯಸ್ಸಿಗೆ ಗ್ರೀಕ್ ಭಾಷೆಯ ಪ್ರಾಧ್ಯಾಪಕರಾಗಿದ್ದವರು, ಉರ್ದು ಕಲಿತವರು. ರೋಮನ್ ಮಹಾಕವಿ ವರ್ಜಿಲನ ಕಾವ್ಯದಿಂದ ನೆತ್ತರ ಹೊಳೆಯ ಚಿತ್ರವನ್ನು ಎತ್ತಿ ತಂದು, ವಲಸೆ ಬಂದವರಿಂದ ದೇಶಕ್ಕೆ ಒದಗುವ ಗತಿಯೆಂದು ಸಭೆಯ ಮುಂದಿಟ್ಟರು. ಪಾಂಡಿತ್ಯ ಸೌಜನ್ಯಕ್ಕೆ ಜಾಮೀನಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಪಕ್ಷದ ನಾಯಕ ಎಡ್ವರ್ಡ್ ಹೀತ್ ಮರುದಿನವೇ ಅವರನ್ನು ವಿರೋಧಪಕ್ಷದ ಮುಖಂಡರ ಮಂಡಲಿಯಿಂದ ತೆಗೆದುಹಾಕಿದರು. ಆದರೆ ಲಂಡನ್ನಿನ ಬಂದರಿನ ಕಾರ್ಮಿಕರು ಪೊವೆಲರ ಪರವಾಗಿ ಮೆರವಣಿಗೆ ಹೊರಟರು. ಆಡಿದವರು ಪದವಿ ಕಳೆದುಕೊಂಡರು. ಆಡಿದ ಮಾತು ಮಾತ್ರ ಉಳಿಯಿತು.

1972ರ ಆಗಸ್ಟಿನಲ್ಲಿ ಇದಿ ಅಮೀನ್ ಯುಗಾಂಡದ ಭಾರತೀಯರಿಗೆ 90 ದಿನಗಳ ಗಡುವು ಕೊಟ್ಟನು. ಅಷ್ಟರಲ್ಲಿ ಪ್ರಧಾನಿಯಾಗಿದ್ದ ಹೀತ್, ಜನರ ಗೊಣಗಾಟವನ್ನು ಲೆಕ್ಕಿಸದೆ ಸುಮಾರು 28,000 ಮಂದಿಯನ್ನು ಬರಮಾಡಿಕೊಂಡರು. ಲೆಸ್ಟರ್ ನಗರಸಭೆ ಮಾತ್ರ ಯುಗಾಂಡದ ಪತ್ರಿಕೆಯಲ್ಲಿಯೇ ಜಾಹೀರಾತು ಕೊಟ್ಟು, ತಮ್ಮ ಊರಿಗೆ ಬರಬೇಡಿರೆಂದು ಕೇಳಿಕೊಂಡಿತು. ಜನ ಬಂದರು, ಅಂಗಡಿ ತೆರೆದರು, ಮಕ್ಕಳನ್ನು ಓದಿಸಿದರು. 2021ರ ಜನಗಣತಿಯಲ್ಲಿ ಆ ಊರಿನ ನೂರಕ್ಕೆ 43 ಮಂದಿ ಏಷ್ಯಾ ಮೂಲದವರು. ಊರು ಮುಳುಗಲಿಲ್ಲ.

ಆದರೂ ನೀರಿನ ಉಪಮೆ ಬತ್ತಲಿಲ್ಲ. 1978ರ ಜನವರಿಯಲ್ಲಿ ಮಾರ್ಗರೆಟ್ ಥ್ಯಾಚರ್ ದೂರದರ್ಶನದ ಸಂದರ್ಶನದಲ್ಲಿ, ಬೇರೆ ಸಂಸ್ಕೃತಿಯ ಜನರಿಂದ ತಾವು ಮುಳುಗಿಹೋಗುವೆವೆಂಬ ಅಂಜಿಕೆ ಜನರಿಗಿದೆಯೆಂದರು. 2015ರಲ್ಲಿ ಡೇವಿಡ್ ಕ್ಯಾಮರೂನ್ ಜೇನುನೊಣಗಳಿಗೆ ಹೇಳುವ ‘ಹಿಂಡು’ ಎಂಬ ಪದವನ್ನು ಮನುಷ್ಯರಿಗೆ ಬಳಸಿದರು. 2023ರಲ್ಲಿ ‘ದೋಣಿಗಳನ್ನು ತಡೆಯಿರಿ’ ಎಂಬ ಫಲಕದ ಹಿಂದೆ ನಿಂತ ಪ್ರಧಾನಿ ರಿಷಿ ಸುನಕ್. ಅವರ ತಂದೆ ಹುಟ್ಟಿದ್ದು ಕೀನ್ಯಾದಲ್ಲಿ. ದೋಣಿಯೆಂದು ಹೇಳಿದಾಗ ಅದರೊಳಗೆ ಕುಳಿತವನ ಮುಖ ಕಾಣುವುದಿಲ್ಲ. 2025ರ ಮೇ ತಿಂಗಳಲ್ಲಿ ಪ್ರಧಾನಿ ಕೀರ್ ಸ್ಟಾರ್ಮರ್, ದೇಶ ‘ಅಪರಿಚಿತರ ದ್ವೀಪ’ವಾದೀತೆಂದರು, ಪೊವೆಲರ ದನಿ ಕೇಳಿತೆಂದು ಹಲವರು ಆಕ್ಷೇಪಿಸಿದ ಮೇಲೆ, ಮುಂದಿನ ತಿಂಗಳು ಆ ಮಾತಿಗೆ ವಿಷಾದಪಟ್ಟರು.

ಯಾವ ದೇಶವೂ ಲೆಕ್ಕವಿಲ್ಲದೆ ಬಾಗಿಲು ತೆರೆದಿಡಲಾರದು. ಮನೆಗಳೆಷ್ಟು, ಶಾಲೆಗಳೆಷ್ಟು, ಆಸ್ಪತ್ರೆಗಳೆಷ್ಟು ಎಂದು ಕೇಳುವುದು ಆಳುವವರ ಧರ್ಮ. ಎಣಿಕೆಯ ಪ್ರಶ್ನೆಗೆ ಎಣಿಕೆಯ ಉತ್ತರವುಂಟು. ಉಪಮೆಗೆ ಆ ಹೊಣೆಯಿಲ್ಲ. ಪ್ರವಾಹವನ್ನು ಯಾರೂ ಎಣಿಸುವುದಿಲ್ಲ, ಅದರೊಡನೆ ಒಪ್ಪಂದವನ್ನೂ ಮಾಡಿಕೊಳ್ಳುವುದಿಲ್ಲ.

ಇದು ಆಂಗ್ಲರ ಮನೆಯ ಕಥೆಯೆಂದು ನಕ್ಕು ಪುಟ ತಿರುವುವ ಮುನ್ನ ಬೆಂಗಳೂರಿನ ಒಂದು ಜಗಲಿಯನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನರು ಲಂಡನ್ನಿನಲ್ಲಿರುವ ಮಗನ ಏಳಿಗೆಯನ್ನು ಬಂದವರಿಗೆ ಬಣ್ಣಿಸುತ್ತಿದ್ದಾರೆ. ಕಾಫಿ ಮುಗಿಯುವಷ್ಟರಲ್ಲಿ ಮಾತು ಊರಿನ ಕಡೆಗೆ ಹೊರಳುತ್ತದೆ. ‘ಎಲ್ಲೆಲ್ಲಿಂದಲೋ ಜನ ಬಂದು ತುಂಬಿಕೊಂಡರಪ್ಪ, ಊರೇ ಮುಳುಗಿಹೋಯಿತು’ ಎನ್ನುತ್ತಾರೆ. ಅದೇ ಹೊತ್ತಿಗೆ ಲಂಡನ್ನಿನ ಯಾವುದೋ ಮನೆಯಲ್ಲಿ ಅವರ ಮಗನನ್ನು ಕುರಿತು ಯಾರಾದರೂ ಹಾಗೆಯೇ ಹೇಳುತ್ತಿರಬಹುದು. ಆ ಮಗ ಅಲ್ಲಿ ನೆರೆಯೋ, ನೆರೆಯವನೋ ಎಂಬುದನ್ನು ಯಜಮಾನರು ಒಂದು ಗಳಿಗೆ ಯೋಚಿಸಿದರೆ ಸಾಕು.